ಬೀಗರು, ನಾನು ಮತ್ತು ಆಕಾಶದ ದಂಡು

ಮನುಷ್ಯ ಯಾರ ಜೊತೆ ಬೇಕಾದರೂ ಜಗಳವಾಡಬಹುದು. ಹೆಂಡತಿಯ ಜೊತೆ ಆಡಿದರೆ ಸಂಜೆಯ ಚಹಾದ ಹೊತ್ತಿಗೆ ಮುಗಿಯುತ್ತದೆ. ಅಣ್ಣತಮ್ಮಂದಿರ ಜೊತೆ ಆಡಿದರೆ ಯಾರದೋ ಮದುವೆಯಲ್ಲಿ ಊಟದ ಸಾಲಿನಲ್ಲಿ ಪಕ್ಕಪಕ್ಕ ಕೂತಾಗ ಮುಗಿಯುತ್ತದೆ. ಮೇಲಧಿಕಾರಿಯ ಜೊತೆ ಆಡಿದರೆ ಅವರಿಗೆ ವರ್ಗವಾಗುತ್ತದೆ, ಇಲ್ಲವೇ ನಮಗಾಗುತ್ತದೆ. ದೇವರ ಜೊತೆಗೂ ಆಡಬಹುದು. ನನ್ನ ಅವ್ವ ಬೀರೇಶ್ವರನ ಫೋಟೋದ ಮುಂದೆ ನಿಂತು ಅವನನ್ನು ಬೈದಷ್ಟು ನನ್ನ ಅಪ್ಪನನ್ನೂ ಬೈದಿರಲಿಲ್ಲ. ಆದರೆ ಬೀಗರ ಜೊತೆ ಮಾತ್ರ ಜಗಳವಾಡುವಂತಿಲ್ಲ. ಅದರಲ್ಲೂ ಹೆಣ್ಣು ಕೊಟ್ಟವನಾದರೆ ಕೇಳುವುದೇ ಬೇಡ. ಬೀಗರು ಬಂದು ನಮ್ಮ ಕಾಲು ತುಳಿದರೆ, ‘ನಂದ ಕಾಲು ಅಡ್ಡ ಬಂತ್ರಿ’ ಎಂದು ನಾವೇ ಹೇಳಬೇಕು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕಳೆದ ದೀಪಾವಳಿಯಿಂದ ನಾನು ಆಕಾಶದಲ್ಲಿ ಯುದ್ಧ ಮಾಡುತ್ತಿದ್ದೇನೆ. ಶತ್ರುಗಳು ಎಲ್ಲಿಂದ ಬರುತ್ತಾರೋ, ಯಾಕೆ ಬರುತ್ತಾರೋ ಯಾರಿಗೂ ಗೊತ್ತಿಲ್ಲ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆ ಯುದ್ಧದಲ್ಲಿ ನನ್ನ ಕಡೆಯವರಾಗಿ ನಿಂತವರು ನನ್ನ ಬೀಗರು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಮನೆ ಜಮಖಂಡಿಯಲ್ಲಿ, ಕೆಲಸ ಏತ ನೀರಾವರಿಯ ಪಂಪ್‌ಹೌಸಿನಲ್ಲಿ. ದಿನಾ ತುಬಚಿಯ ಕಡೆ ಹೋಗಿ ಬರುತ್ತೇನೆ. ಕೃಷ್ಣೆಯ ನೀರನ್ನು ಮೇಲಕ್ಕೆತ್ತುವ ಆ ದೊಡ್ಡ ಮೋಟಾರುಗಳ ನಡುವೆ ಇಷ್ಟು ವರ್ಷ ನಿಂತು ನನ್ನ ಧ್ವನಿಯೂ ಮೇಲಕ್ಕೆ ಹತ್ತಿ ಕೂತುಬಿಟ್ಟಿದೆ, ಕೆಳಗಿಳಿಯುವುದಿಲ್ಲ. ನಾನು ಹೆಂಡತಿಗೆ ಗುಟ್ಟು ಹೇಳಿದರೆ ಎದುರು ಮನೆಯವರು ಹೌದೆಂದು ತಲೆಯಾಡಿಸುತ್ತಾರೆ. ಹೆಂಡತಿ ಕಸ್ತೂರಿ ಬೀಳಗಿಯವಳು. ಒಬ್ಬಳೇ ಮಗಳು ರೇಖಾ. ಅವಳನ್ನು ಮಹಾಲಿಂಗಪುರಕ್ಕೆ ಕೊಟ್ಟಿದ್ದೇವೆ. ಅವಳ ಮಾವ, ಅಂದರೆ ನನ್ನ ಬೀಗರಾದ ಸಿದ್ರಾಮಪ್ಪನವರದು ಬೆಲ್ಲದ ಅಡತಿ ಅಂಗಡಿ. ರೈತನಿಗೂ ಕೊಳ್ಳುವವನಿಗೂ ನಡುವೆ ಕೂತು ವ್ಯಾಪಾರ ಕುದುರಿಸುವ ಕೆಲಸ. ಇಂಥ ಕೆಲಸ ಮಾಡುವವರು ಬಹಳ ಮಾತಾಡುತ್ತಾರೆಂದು ನಾನು ತಿಳಿದಿದ್ದೆ. ಸಿದ್ರಾಮಪ್ಪನವರು ಮಾತೇ ಆಡುವುದಿಲ್ಲ. ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಎದುರಿನವನ ಮುಖ ನೋಡುತ್ತಾರಂತೆ. ಆ ಮೌನಕ್ಕೆ ಹೆದರಿ ಅವನೇ ದರ ಇಳಿಸುತ್ತಾನಂತೆ. ವ್ಯಾಪಾರಕ್ಕೆ ಇದು ಬಹಳ ಒಳ್ಳೆಯದು. ನೆಂಟಸ್ತಿಕೆಗೆ ಅಷ್ಟು ಒಳ್ಳೆಯದಲ್ಲ.

ಮದುವೆಯಾದ ಮೇಲೆ ಮೊದಲ ದೀಪಾವಳಿಗೆ ಬೀಗರು ನಮ್ಮ ಮನೆಗೆ ಬಂದರು. ಹೆಂಗಸರೆಲ್ಲ ಒಳಗೆ ಹೋಗಿ ಯಾವ ಕಾಲದ ಗೆಳತಿಯರೋ ಎಂಬಂತೆ ನಗತೊಡಗಿದರು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ‘ಮಳಿ ಹೆಂಗ್ರಿ ನಿಮ್ಮ ಕಡಿ?’ ಎಂದೆ. ‘ಛಲೋ ಆತ್ರಿ’ ಎಂದರು. ‘ಕಬ್ಬು?’ ಎಂದೆ. ‘ಅದೂ ಛಲೋ ಐತ್ರಿ’ ಎಂದರು. ನಂತರ ಇಬ್ಬರೂ ಫ್ಯಾನು ನೋಡಿದೆವು. ಫ್ಯಾನು ತಿರುಗುತ್ತಿರಲಿಲ್ಲ, ಚಳಿ ಶುರುವಾಗಿತ್ತು. ಆದರೂ ನೋಡಿದೆವು. ಅವರು ಕೆಮ್ಮಿದರೆ ನಾನು ನೀರು ತರಿಸಿದೆ. ನಾನು ಆಕಳಿಸಿದರೆ ಅವರು ‘ದಣದೀರಿ, ಮಕ್ಕೋರ್ರಿ’ ಎಂದರು. ಇದನ್ನು ನೋಡಿ ನೋಡಿ ರೇಖಾಳಿಗೆ ತಲೆಕೆಟ್ಟಿತು. ಅವಳ ಗಂಡ ಕಂಪ್ಯೂಟರ್ ಕಲಿಸುವ ಮಾಸ್ತರ, ಮುಧೋಳದ ಕಡೆ ಒಂದು ಕಾಲೇಜಿಗೆ ಹೋಗುತ್ತಾನೆ. ಅವನ ಲ್ಯಾಪ್‌ಟಾಪನ್ನು ತಂದು ನಮ್ಮಿಬ್ಬರ ನಡುವಿನ ಟೀಪಾಯಿಯ ಮೇಲೆ ಇಟ್ಟಳು.

“ಅಪ್ಪಾ, ಮಾವಾರ, ಇದೊಂದು ಆಟ ಐತಿ. ಆಕಾಶದಾಗ ಒಂದೊಂದ ಚಿಕ್ಕಿ ಹಿಡಕೊಂಡು ರಾಜ್ಯ ಕಟ್ಟೂದು. ಇಬ್ರೂ ಒಂದ ಕಡಿ ಇರ್ರಿ, ಎದುರಾಎದುರು ಬ್ಯಾಡ,” ಎಂದಳು.

ಬೀಗರು ಎದುರಾಳಿಗಳಾದರೆ ಏನಾಗಬಹುದೆಂದು ಅವಳಿಗೆ ನಮಗಿಂತ ಮೊದಲೇ ಹೊಳೆದಿತ್ತು. ಆಟಕ್ಕೆ ಇಂಗ್ಲಿಷಿನ ಉದ್ದ ಹೆಸರೊಂದಿತ್ತು. ನಕ್ಷತ್ರಕ್ಕೆ ನಮ್ಮ ಕಡೆ ಚಿಕ್ಕಿ ಎನ್ನುವುದರಿಂದ ಸಿದ್ರಾಮಪ್ಪನವರು ಅದನ್ನು ಚಿಕ್ಕಿ ಆಟ ಎಂದು ಕರೆದರು, ಅದೇ ನಿಂತಿತು. ಶುರುಮಾಡುವ ಮೊದಲು ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಆಟದಲ್ಲಿ ಆಗಾಗ ಎಲ್ಲಿಂದಲೋ ಬಂದೆರಗುವ ಶತ್ರುಗಳಿರುತ್ತಾರೆ, ಅವರು ಎಷ್ಟು ಬಲಶಾಲಿಗಳಾಗಿರಬೇಕು? ದುರ್ಬಲ, ಮಧ್ಯಮ, ಪ್ರಬಲ ಎಂದು ಮೂರು ಗುಂಡಿಗಳಿದ್ದವು. ಮನಸ್ಸಿನಲ್ಲಿ ನಾನು ದುರ್ಬಲ ಎಂಬುದನ್ನು ಒತ್ತಿಯಾಗಿತ್ತು. ಆದರೆ ಹೆಣ್ಣು ಕೊಟ್ಟವನು ಬೀಗರ ಮುಂದೆ ಕೂತು ‘ನನಗೆ ಕೈಲಾಗದ ಶತ್ರು ಸಾಕು’ ಎಂದು ಹೇಗೆ ಹೇಳುವುದು?

“ನೀವು ಹೇಳ್ರಿ ಬೀಗರ,” ಎಂದೆ.

“ಇಲ್ರಿ, ನೀವು ಹೇಳ್ರಿ. ಇಂಜಿನಿಯರ್ ಮನಷ್ಯಾರು.”

“ಮಧ್ಯಮ ಅಂದ್ರ ನಡೀತೈತೇನ್ರಿ?”

“ನನಗೇನ್ರಿ, ನಡೀತೈತಿ. ನಿಮಗ ಕಡಿಮಿ ಆಗಬಾರದು ನೋಡ್ರಿ.”

ಹೀಗೆ ಒಬ್ಬರ ಮಾನವನ್ನು ಒಬ್ಬರು ಏರಿಸುತ್ತ ಏರಿಸುತ್ತ ‘ಪ್ರಬಲ’ಕ್ಕೆ ಹೋಗಿ ನಿಂತೆವು. ಅದಕ್ಕೂ ಮೇಲೆ ಇನ್ನೊಂದು ಗುಂಡಿ ಇದ್ದಿದ್ದರೆ ಅದನ್ನೂ ಒತ್ತುತ್ತಿದ್ದೆವು.

ಅಂದಿನಿಂದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಜಮಖಂಡಿಯಲ್ಲಿ, ಅವರು ಮಹಾಲಿಂಗಪುರದಲ್ಲಿ, ಅವರವರ ಕಂಪ್ಯೂಟರಿನ ಮುಂದೆ ಕೂರುವುದು ರೂಢಿಯಾಯಿತು. ಮಾತಿಗೆ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಮೊದಲ ದಿನಗಳು ಬಹಳ ಚೆನ್ನಾಗಿದ್ದವು. ನನ್ನ ಚಿಕ್ಕಿಗಳಿಗೆ ಜಮಖಂಡಿ, ತುಬಚಿ, ಮುಧೋಳ ಎಂದು ಹೆಸರಿಟ್ಟೆ. ಮೂಲೆಯಲ್ಲಿದ್ದ ಒಂದು ಸಣ್ಣ ಚಿಕ್ಕಿಗೆ, ಹೆಂಡತಿಗೆ ಖುಷಿಯಾಗಲೆಂದು, ಬೀಳಗಿ ಎಂದಿಟ್ಟೆ. ಬೀಗರ ಕಡೆ ಮಹಾಲಿಂಗಪುರ, ರಬಕವಿ, ಬನಹಟ್ಟಿಗಳು ಹುಟ್ಟಿಕೊಂಡವು. ನಾನು ಗಣಿ ತೋಡಿದೆ, ವಿದ್ಯುತ್ ಕೇಂದ್ರ ಕಟ್ಟಿದೆ, ಯಾವ ಯಂತ್ರವೂ ನಿಲ್ಲದಂತೆ ನೋಡಿಕೊಂಡೆ. ಪಂಪ್‌ಹೌಸಿನಲ್ಲಿ ಮಾಡುವುದನ್ನೇ ಇಲ್ಲಿ ಸಂಬಳವಿಲ್ಲದೆ ಮಾಡುತ್ತಿದ್ದೇನೆ ಎಂದು ಕಸ್ತೂರಿ ಹೇಳಿದಳು. ಬೀಗರು ಏನು ಕಟ್ಟುತ್ತಿದ್ದರೋ ನನಗೆ ಕಾಣುತ್ತಿರಲಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ.

ಆಮೇಲೆ ಶತ್ರುಗಳು ಬಂದರು. ಮೊದಲು ಕಳ್ಳರು. ನಕ್ಷೆಯ ಖಾಲಿ ಮೂಲೆಯೊಂದರಿಂದ ಕಪ್ಪು ಹಡಗುಗಳು ಬಂದು ತುಬಚಿಯ ಗಣಿಯನ್ನು ದೋಚಿಕೊಂಡು ಹೋದವು. ಯಾಕೆ ಬಂದರು, ನನ್ನ ಮೇಲೆ ಏನು ಸಿಟ್ಟು ಎಂದು ಅಳಿಯನನ್ನು ಕೇಳಿದೆ. “ಸಿಟ್ಟೇನಿಲ್ಲ ಮಾವಾರ, ಅದು ರ್ಯಾಂಡಮ್ ಐತ್ರಿ,” ಎಂದ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನ್ನ ಕೆಲಸದಲ್ಲಿ ಕಾರಣವಿಲ್ಲದೆ ಏನೂ ಆಗುವುದಿಲ್ಲ. ಮೋಟಾರು ನಿಂತರೆ ಬೇರಿಂಗ್ ಸವೆದಿರಬೇಕು, ಇಲ್ಲವೇ ವೋಲ್ಟೇಜು ಬಿದ್ದಿರಬೇಕು. ಬಿಚ್ಚಿ ನೋಡಿದರೆ ಸಿಕ್ಕೇ ಸಿಗುತ್ತದೆ. ಆದರೆ ಕಾರಣವೇ ಇಲ್ಲದ ಶತ್ರುವನ್ನು ಎಲ್ಲಿಂದ ಬಿಚ್ಚುವುದು? ಅವರೊಡನೆ ಮಾತಾಡಲು ಆಟದಲ್ಲಿ ಒಂದು ಕಿಟಕಿ ಇದೆ. ಒತ್ತಿದರೆ ಮೂಗಿಲ್ಲದ ಒಂದು ಮುಖ ಬರುತ್ತದೆ, ಏನೂ ಹೇಳದೆ ನಮ್ಮನ್ನು ನೋಡುತ್ತದೆ. ನಾನು ಸಂಧಿಗೆ ಕರೆದೆ, ಅದು ನೋಡಿತು. ಬೈದೆ, ಆಗಲೂ ನೋಡಿತು. ಬೀಗರ ಎದುರು ಬೆಲ್ಲ ಮಾರಲು ಕೂತ ರೈತನ ಸಂಕಟ ಏನೆಂದು ಅವತ್ತು ತಿಳಿಯಿತು.

ಆ ಭಾನುವಾರ ಫೋನಿನಲ್ಲಿ ಬೀಗರು ಎಂದಿನಂತೆ ಕೇಳಿದರು.

“ಹೆಂಗ ನಡದೈತ್ರಿ ಬೀಗರ?”

ತುಬಚಿಯಲ್ಲಿ ಬೆಂಕಿ ಉರಿಯುತ್ತಿತ್ತು. “ಆರಾಮ್ ಐತ್ರಿ,” ಎಂದೆ. ಇನ್ನೇನು ಹೇಳಲಿ? ಸಹಾಯ ಕೇಳಿದರೆ ನಾಳೆ ‘ನಮ್ಮ ಬೀಗರು ಕೈಲಾಗದವರು’ ಎಂದು ಅವರ ಮನೆಯಲ್ಲಿ ಮಾತಾಗುತ್ತದೆ, ಮಗಳು ತಲೆತಗ್ಗಿಸಬೇಕಾಗುತ್ತದೆ. ಸ್ವಲ್ಪ ಸೂಚನೆ ಕೊಡೋಣವೆಂದು, “ಈ ಕಡಿ ಒಂಚೂರು ಗದ್ದಲ ಐತ್ರಿ,” ಎಂದೆ. “ಹೌದ್ರಾ? ನಮ್ಮ ಕಡಿ ತಣ್ಣಗ ಐತ್ರಿ,” ಎಂದರು. ಅಲ್ಲಿಗೆ ಮುಗಿಯಿತು. ಕಳ್ಳರ ನಂತರ ಒಂದು ಭಾರಿ ಹುಳ ಬಂದು ನನ್ನ ವಿದ್ಯುತ್ ಕೇಂದ್ರಗಳನ್ನು ತಿಂದು ಹೋಯಿತು. ಅದೂ ನನ್ನ ಕಡೆಗೇ ಬಂತು. ಬೀಗರು ಮತ್ತೆ ಕೇಳಿದರು, ನಾನು ಮತ್ತೆ ಆರಾಮ್ ಎಂದೆ. ಭಾನುವಾರ ಬಂದರೆ ಬಿಪಿ ಮಾತ್ರೆಯನ್ನು ಊಟಕ್ಕೆ ಮೊದಲೇ ನುಂಗುವಂತಾಯಿತು.

ಮುಂದೆ ಬಂದದ್ದು ಅಲೆಮಾರಿ ದಂಡು. ಇವರಿಗೆ ಸ್ವಂತ ಊರಿಲ್ಲ. ಹಡಗಿನಲ್ಲೇ ಹುಟ್ಟಿ, ಹಡಗಿನಲ್ಲೇ ಬೆಳೆದು, ಚಿಕ್ಕಿಯಿಂದ ಚಿಕ್ಕಿಗೆ ಹೋಗುತ್ತ, ಹೋದಲ್ಲಿ ಇರುವುದನ್ನೆಲ್ಲ ಮುಗಿಸಿ ಮುಂದೆ ನಡೆಯುತ್ತಾರೆ. ಅಲೆದಾಡುವವರ ಬಗ್ಗೆ ನಾನು ಕೆಟ್ಟ ಮಾತಾಡಬಾರದು. ನಮ್ಮಜ್ಜನೂ ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗಿದವನೇ. ಆದರೆ ಅಜ್ಜ ಬಂದರೆ ರೈತರು ದಾರಿಯಲ್ಲೇ ತಡೆದು, ‘ನಮ್ಮ ಹೊಲದಾಗ ಕುರಿ ನಿಲ್ಲಸ್ರಿ, ಗೊಬ್ಬರಾಕ್ಕೈತಿ’ ಎಂದು ಕರೆದು ಊಟ ಹಾಕುತ್ತಿದ್ದರು. ಈ ದಂಡು ಹೋದ ಮೇಲೆ ಹುಲ್ಲೂ ಹುಟ್ಟುವುದಿಲ್ಲ. ಅದು ಮೊದಲು ಬಂದು ನಿಂತದ್ದು ಬೀಗರ ಗಡಿಯಲ್ಲಿ. ಸದ್ಯ, ಈಗಲಾದರೂ ಅವರಿಗೆ ಈ ಕಷ್ಟ ತಿಳಿಯಲಿ ಎಂದು, ಸುಳ್ಳೇಕೆ ಹೇಳಲಿ, ನನಗೆ ಒಂದಿಷ್ಟು ಸಮಾಧಾನವೇ ಆಯಿತು. ಅಷ್ಟರಲ್ಲಿ ಫೋನಿನಲ್ಲಿ ಅವರ ಶಾಂತವಾದ ಧ್ವನಿ ಕೇಳಿತು.

“ಬೀಗರ, ಒಂದಿಷ್ಟು ಮಂದಿ ಬಂದಿದ್ರು. ಹಾದು ಹೋಗಾಕ ದಾರಿ ಕೇಳಿದ್ರು, ಕೊಟ್ಟೆ. ಈಗ ನಿಮ್ಮ ಕಡಿ ಬರಾಕತ್ತಾರ.”

ಬಾಸಿಂಗ ಕಟ್ಟಿಕೊಂಡು ಬರುವ ದಿಬ್ಬಣದ ಸುದ್ದಿ ಹೇಳಿದ ಹಾಗಿತ್ತು.

“ಎಷ್ಟ ಮಂದಿ ಅದಾರ್ರಿ?” ಎಂದೆ.

“ಭಾಳ ಅದಾರ್ರಿ. ಪರದೆ ತುಂಬೇತಿ.”

ಮುಂದಿನದನ್ನು ವಿವರಿಸಲು ನನಗೆ ಮನಸ್ಸಿಲ್ಲ. ನನ್ನಲ್ಲಿದ್ದ ಹಡಗುಗಳು ಜಮಖಂಡಿಗೂ ಸಾಲುವಂತಿರಲಿಲ್ಲ, ಮುಧೋಳಕ್ಕೂ ಸಾಲುವಂತಿರಲಿಲ್ಲ. ಏನನ್ನಾದರೂ ಬಿಟ್ಟುಕೊಡಬೇಕಿತ್ತು. ನಕ್ಷೆ ನೋಡಿ, ಲೆಕ್ಕ ಹಾಕಿ, ಬೀಳಗಿಯನ್ನು ಬಿಟ್ಟೆ. ದಂಡು ಅದರ ಮೇಲೆ ಬಂದು ಕೂತಿತು. “ಬೀಳಗಿ ಹೋತು,” ಎಂದು ನಿಟ್ಟುಸಿರು ಬಿಟ್ಟೆ. ನನ್ನ ಧ್ವನಿ ಎಷ್ಟು ಜೋರಾಗಿರುತ್ತದೆಂದು ಮೊದಲೇ ಹೇಳಿದ್ದೇನೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಮುಧೋಳವನ್ನು ಉಳಿಸುವ ಗಡಿಬಿಡಿಯಲ್ಲಿದ್ದರೆ, ಕಸ್ತೂರಿ ಒಳಗೆ ಹಿಟ್ಟಿನ ಕೈಯಲ್ಲೇ ತನ್ನ ಅಣ್ಣನಿಗೆ ಫೋನು ಹಚ್ಚಿ, ಅವ್ವ ಹೇಗಿದ್ದಾಳೆ, ಹೊಳೆ ಎಲ್ಲಿಯವರೆಗೆ ಬಂದಿದೆ, ಎಲ್ಲರೂ ಮನೆಯಲ್ಲೇ ಇದ್ದೀರಾ ಎಂದು ಕೇಳುತ್ತಿದ್ದಳು. ಮಲಗಿದ್ದ ಅಣ್ಣ ಎದ್ದು ಹೊರಗೆ ಹೋಗಿ ಊರು ನೋಡಿ ಬಂದು, ಎಲ್ಲ ಇದ್ದಲ್ಲೇ ಇದೆ ಎಂದನಂತೆ. ಅವಳು ಬಂದು ನನ್ನ ಹಿಂದೆ ನಿಂತಳು. ಪರದೆಯ ಮೇಲೆ ಬೀಳಗಿ ಧಗಧಗ ಉರಿಯುತ್ತಿತ್ತು.

“ಇಷ್ಟೆಲ್ಲ ಊರ ಇದ್ವು. ಬಿಡಾಕ ನನ್ನ ತವರಮನಿನ ಬೇಕಾಗಿತ್ತೇನ್ರಿ ನಿಮಗ?”

“ಅದು ಸಣ್ಣ ಊರು, ಗಣಿ ಇಲ್ಲ, ಏನಿಲ್ಲ,” ಎಂದೆ. ಇದು ಹೇಳಬಾರದ ಮಾತಾಗಿತ್ತು.

“ಸಣ್ಣ ಊರಾಗಿಂದ ಹೆಣ್ಣ ತರೂಮುಂದ ಗಣಿ ಐತೇನು ಅಂತ ಕೇಳಿದ್ರೇನು?”

ಒಂದು ಕಡೆ ದಂಡು, ಇನ್ನೊಂದು ಕಡೆ ಹೆಂಡತಿ. ಇಷ್ಟು ದಿನ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದೆಲ್ಲ ಕಟ್ಟೆಯೊಡೆಯಿತು. “ನನಗ್ಯಾಕ ಅಂತಿ? ನಿನ್ನ ಬೀಗಗ ಕೇಳು. ದಲಾಲಿ ಅದಾನಂವ, ದಲಾಲಿ. ಆ ಕಡಿಯವ್ರಿಗೂ ಹ್ಞೂಂ ಅಂತಾನ, ಈ ಕಡಿಯವ್ರಿಗೂ ಹ್ಞೂಂ ಅಂತಾನ. ನನ್ನ ಮನಿ ಸುಟ್ಟು ಅಲ್ಲೆ ಆರಾಮ್ ಚಾ ಕುಡ್ಯಾಕತ್ತಾನ,” ಎಂದೆ.

ಕಸ್ತೂರಿಯ ಮುಖದ ಬಣ್ಣ ಬದಲಾಯಿತು. ಅವಳು ನನ್ನನ್ನಲ್ಲ, ಮೇಜಿನ ಮೇಲಿದ್ದ ಫೋನನ್ನು ನೋಡುತ್ತಿದ್ದಳು. ಸ್ಪೀಕರ್ ಇನ್ನೂ ಚಾಲೂ ಇತ್ತು. ಅದರಿಂದ ಬಹಳ ವಿನಯದ ಧ್ವನಿಯೊಂದು ಬಂತು.

“ಚಾ ಇನ್ನೂ ಬಂದಿಲ್ರಿ ಬೀಗರ. ಇಡ್ತೀನ್ರಿ.”

ದಲಾಲಿ ಎಂದದ್ದಕ್ಕೆ ನನಗೆ ಅಷ್ಟು ಹೆದರಿಕೆಯಾಗಲಿಲ್ಲ. ಅದು ಅವರ ಉದ್ಯೋಗ. ಅಂಗಡಿಯ ಮುಂದೆ ಅವರೇ ಹಾಗೆ ಬರೆಸಿದ್ದಾರೆ. ನನ್ನ ಜೀವ ಬಾಯಿಗೆ ಬಂದದ್ದು ಅದಾನ, ಅಂತಾನ, ಕುಡ್ಯಾಕತ್ತಾನ ಎಂಬವುಗಳಿಗೆ. ಒಂದೇ ಉಸಿರಿನಲ್ಲಿ ಬೀಗರಿಗೆ ಅಷ್ಟು ಏಕವಚನ ಹಾಕಿದ ಮನುಷ್ಯ ನಮ್ಮ ವಂಶದಲ್ಲಿ ಇನ್ನೊಬ್ಬನಿರಲಾರ. ಒಂದು ‘ರೀ’ ಆದರೂ ಎಲ್ಲಾದರೂ ತಪ್ಪಿ ಬಿದ್ದಿತ್ತೇ ಎಂದು ಮಾತನ್ನೆಲ್ಲ ಮತ್ತೆ ನೆನೆಸಿಕೊಂಡೆ. ಬಿದ್ದಿರಲಿಲ್ಲ.

ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಒಬ್ಬನೇ ಕೂತು ಆಟ ತೆರೆದರೆ, ಬೀಗರ ಚಿಕ್ಕಿಗಳು ಅವರ ಹಾಗೆಯೇ ಸುಮ್ಮನೆ ಹೊಳೆಯುತ್ತಿದ್ದವು. ದಂಡು ಮುಧೋಳವನ್ನೂ ಮುಗಿಸಿತು. ಅದರ ನಂತರ ಬಂದದ್ದು ಮಗಳ ಫೋನು.

“ಅಪ್ಪಾ, ಮಾವಾರಿಗೆ ಏನಂದಿ? ಮನ್ಯಾಗ ಯಾರ ಜೋಡಿನೂ ಮಾತಿಲ್ಲ. ಮೊದ್ಲೂ ಮಾತಾಡ್ತಿದ್ದಿಲ್ಲ, ಖರೆ. ಆದ್ರ ಈಗ ಮಾತಾಡದ ಇರೂದ ಬ್ಯಾರೆ ಥರಾ ಐತಿ. ನಾ ಚಾ ಕೊಡಾಕ ಹೋದ್ರ, ಬ್ಯಾಡವ್ವ, ನಾ ಚಾ ಬಿಟ್ಟೇನಿ ಅಂತಾರ.”

ಅವರು ಚಹಾ ಬಿಟ್ಟರೆಂದು ಕೇಳಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಬಾಯಿಯ ಬಿಸಿ ಆ ಮನೆಯಲ್ಲಿ ಮಗಳಿಗೆ ತಾಗುತ್ತಿದೆ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು, ಸಿಟ್ಟಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕಸ್ತೂರಿ ಆಗಲೇ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದಳು. “ನಾಳೆ ಮುಂಜಾನಿ ಬಸ್ಸಿಗೆ ಹೋಗೂದು. ನೀವು ಬಾಯಿ ತಗೀಬ್ಯಾಡ್ರಿ, ಕೈ ಅಷ್ಟ ಜೋಡಸ್ರಿ,” ಎಂದಳು. ಮರುದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕ್ಷಮೆ ಕೇಳುವ ಮಾತುಗಳನ್ನು ಒಳಗೊಳಗೇ ಜೋಡಿಸುತ್ತ ಹೋದೆ. ಬನಹಟ್ಟಿ ಬಂದಾಗ ಎರಡೂ ಬದಿಯ ಮನೆಗಳಿಂದ ಮಗ್ಗಗಳ ಖಟಖಟ ಕೇಳಿ ಜೋಡಿಸಿದ್ದೆಲ್ಲ ಮರೆತುಹೋಯಿತು. ರಬಕವಿಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ‘ಬೀಗರ’ ಎಂಬ ಶಬ್ದವೊಂದೇ ಉಳಿದಿತ್ತು.

ಬೀಗರ ಮನೆಯಲ್ಲಿ ಮರ್ಯಾದೆಗೆ ಏನೂ ಕೊರತೆಯಾಗಲಿಲ್ಲ. ಅದೇ ನನಗೆ ಇನ್ನಷ್ಟು ಕಷ್ಟವಾಯಿತು. ಕಾಲಿಗೆ ನೀರು ಕೊಟ್ಟರು, ಜಮಖಾನೆ ಹಾಸಿದರು, ತಿನ್ನಲು ಚುಮ್ಮರಿ ಬಂತು. ಸಿದ್ರಾಮಪ್ಪನವರು ಎದುರಿಗೆ ಕೂತು, ಬಸ್ಸು ಹೊತ್ತಿಗೆ ಸರಿಯಾಗಿ ಬಂತೇ ಎಂದು ವಿಚಾರಿಸಿದರು. ಬಂತು ಎಂದೆ. ಇಬ್ಬರೂ ಫ್ಯಾನಿನ ಕಡೆ ತಲೆಯೆತ್ತುವಷ್ಟರಲ್ಲಿ ಕಸ್ತೂರಿ ಹಿಂದಿನಿಂದ ನನ್ನ ಬೆನ್ನಿಗೆ ಬೆರಳಿನಿಂದ ತಿವಿದಳು.

“ಬೀಗರ, ಅವತ್ತ ಫೋನಿನ್ಯಾಗ ನಾ ಒಂದ ಮಾತ...” ಎಂದು ಶುರುಮಾಡಿದೆ.

“ಅವತ್ತ ಫೋನ ಸರಿ ಇದ್ದಿದ್ದಿಲ್ರಿ. ನನಗೇನೂ ಕೇಳಿಸಿಲ್ಲ,” ಎಂದರು ಅವರು.

ಬಾಗಿಲಲ್ಲಿ ನಿಂತಿದ್ದ ರೇಖಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಮಾವಾರ, ನಿಮಗ ಎಲ್ಲಾ ಕೇಳಿಸೈತಿ. ಅಪ್ಪಾ, ನೀನೂ ಎಲ್ಲಾ ಅಂದಿ. ಇವತ್ತ ಇಬ್ರೂ ಖರೆ ಮಾತಾಡ್ರಿ. ಇಲ್ಲಂದ್ರ ನಾ ಈ ಮನ್ಯಾಗೂ ಉಣ್ಣೂದಿಲ್ಲ, ಆ ಮನ್ಯಾಗೂ ಉಣ್ಣೂದಿಲ್ಲ,” ಎಂದಳು. ಅವಳ ಕಣ್ಣು ತುಂಬಿತ್ತು. ಬೀಗರು ಅವಳನ್ನೇ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಮಡಿಸಿಟ್ಟುಕೊಂಡರು. ನಾನು ಅವರಿಂದ ಅಷ್ಟು ಮಾತನ್ನು ಕೇಳಿದ್ದು ಅವತ್ತೇ ಮೊದಲು.

“ದಲಾಲಿ ಅಂದದ್ದಕ್ಕ ಸಿಟ್ಟಿಲ್ರಿ ಬೀಗರ, ದಲಾಲಿ ಅದೀನಿ. ನೀವು ಒಮ್ಮಿನೂ ಕೇಳಲಿಲ್ಲ ನೋಡ್ರಿ, ಅದು ಮನಸಿಗೆ ಹತ್ತೇತಿ. ಪ್ರತಿ ಸಲ ಕೇಳ್ದೆ, ಹೆಂಗ ನಡದೈತಿ ಅಂತ. ಪ್ರತಿ ಸಲ ಆರಾಮ್ ಅಂದ್ರಿ. ಇಷ್ಟ ಆರಾಮ್ ಇದ್ದವ್ರು ದಂಡ ಬಂದ್ರ ಹೊಡದ ಹಾಕ್ತಾರ, ಹೆಸರ ಅವರಿಗೆ ಬರ್ಲಿ ಅಂತ ದಾರಿ ಕೊಟ್ಟೆ. ಆಮ್ಯಾಲ ತಿಳೀತು, ಮನಿ ಸುಡಾಕತ್ತಿದ್ರೂ ಆರಾಮ್ ಅಂದೀರಿ. ಬೆಲ್ಲಾ ಮಾರಾವ್ನ ಕಡಿ ಏನ್ ಕೇಳೂದು ಅಂತ ಸುಮ್ನಿದ್ರಿ ಅಂತ ತಿಳಕೊಂಡೆ.”

“ಹೆಣ್ಣ ಕೊಟ್ಟಾಂವ ನಾ. ಹೆಂಗ ಕೇಳ್ಲಿ ಹೇಳ್ರಿ?” ಎಂದೆ. ಪಂಪ್‌ಹೌಸಿನ ನನ್ನ ಧ್ವನಿ ಅವತ್ತು ಎಲ್ಲಿ ಹೋಗಿತ್ತೋ.

ಅವರು ಎದ್ದು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ತೆರೆದರು. ರಬಕವಿ ಚಿಕ್ಕಿಯ ಹಿಂದೆ, ನನ್ನ ಕಡೆಯಿಂದ ಕಾಣದ ಜಾಗದಲ್ಲಿ, ಹಡಗುಗಳು ಸಾಲುಸಾಲಾಗಿ ನಿಂತಿದ್ದವು. ಅಷ್ಟೊಂದು ಹಡಗುಗಳನ್ನು ನಾನು ಈ ಆಟದಲ್ಲಿ ಯಾರ ಕಡೆಯೂ ನೋಡಿರಲಿಲ್ಲ. ಬೀಗರು ಬೇರೇನನ್ನೂ ಕಟ್ಟಿರಲೇ ಇಲ್ಲ. “ನೀವು ಕೇಳಿದ್ರ ಕಳಿಸೂನು ಅಂತ ಇಟ್ಟಿದ್ದೆ,” ಎಂದರು. ನನ್ನ ಗಣಿಗಳು ಹೋದಾಗ, ಬೀಳಗಿ ಉರಿಯುವಾಗ, ಮುಧೋಳ ಮುಗಿಯುವಾಗ ಇವೆಲ್ಲ ಇಲ್ಲೇ ನಿಂತು ನನ್ನ ಒಂದು ಮಾತಿಗೆ ಕಾಯುತ್ತಿದ್ದವು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. “ಬೀಗರ, ಜಮಖಂಡಿ ಒಂದ ಉಳದೈತಿ. ಸಹಾಯ ಬೇಕ್ರಿ,” ಎಂದೆ. ಅಷ್ಟು ಸಣ್ಣ ವಾಕ್ಯ. ರೇಖಾ ಕಣ್ಣೊರೆಸಿಕೊಂಡು ಚಹಾ ಮಾಡಲು ಹೋದಳು. ಬೀಗರು ಬೇಡವೆನ್ನಲಿಲ್ಲ.

ಇಲ್ಲಿಗೆ ನಾವು ಗೆದ್ದೆವು ಎಂದು ಬರೆಯಬೇಕೆಂದು ನನಗೂ ಆಸೆ ಇದೆ. ಅಕ್ಕಪಕ್ಕ ಕೂತೆವು, ಒಂದರಲ್ಲಿ ಅವರು, ಅಳಿಯನ ಇನ್ನೊಂದು ಕಂಪ್ಯೂಟರಿನಲ್ಲಿ ನಾನು. ಅಷ್ಟೂ ಹಡಗುಗಳು ಹೊರಟವು. ಜಮಖಂಡಿಯ ಹತ್ತಿರ ದಂಡನ್ನು ಎದುರಿಸಿದೆವು. ಎಡಕ್ಕೆ ಹೋಗಲಿ ಎಂದು ನಾನು, ಬಲಕ್ಕೆ ಎಂದು ಅವರು. ಹಡಗುಗಳು ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹೋದವು. ಜೀವಮಾನವಿಡೀ ದರದ ಮಾತಿನಲ್ಲೂ ದನಿ ಏರಿಸದ ಸಿದ್ರಾಮಪ್ಪನವರು ಕುರ್ಚಿಯಲ್ಲಿ ಅರ್ಧ ಎದ್ದು, “ಲೇ, ಆ ಕಡಿ ಎಲ್ಲಿ ಹೊಂಟಿಯೋ, ಈ ಕಡಿ ಬಾ,” ಎಂದು ಕೂಗಿದರು. ಪಡಸಾಲೆಯಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದರು. “ನಿನ್ನ ಹಡಗ ನನ್ನ ದಾರ್ಯಾಗ ನಿಂತೈತಿ, ಮೊದ್ಲ ಅದನ್ನ ಸರಸು ಮಾರಾಯಾ,” ಎಂದೆ ನಾನು. ಇಬ್ಬರಿಗೂ ತಾವು ಏನೆಂದೆವೆಂದು ಗೊತ್ತಾಗಲೇ ಇಲ್ಲ. ದಂಡು ಸರಸರನೆ ಈ ಅರ್ಧವನ್ನೂ ಆ ಅರ್ಧವನ್ನೂ ಮುಗಿಸಿ, ಜಮಖಂಡಿಯನ್ನು ಹಾದು, ರಬಕವಿ ಬನಹಟ್ಟಿಗಳನ್ನು ಹಾದು, ಮಹಾಲಿಂಗಪುರಕ್ಕೆ ಬಂತು. ಚಹಾ ಬರುವಷ್ಟರಲ್ಲಿ ನಮಗೆ ಆಕಾಶದಲ್ಲಿ ನಿಲ್ಲಲು ಜಾಗವಿರಲಿಲ್ಲ.

ಚಹಾದ ಬಸಿ ಕೈಯಲ್ಲಿ ಹಿಡಿದು ನಾವು ನೋಡುತ್ತಿರುವಾಗಲೇ ನಕ್ಷೆಯ ಇನ್ನೊಂದು ಮೂಲೆ ಕೆಂಪಾಯಿತು. ಯಾವುದೋ ಹಳೆಯ ಕಾವಲು ಪಡೆಯಂತೆ, ಯುಗಯುಗದಿಂದ ಮಲಗಿತ್ತಂತೆ, ಈಗ ಎದ್ದಿತಂತೆ. ಅದು ಬಂದು ದಂಡನ್ನು ಇಡಿಯಾಗಿ ನುಂಗಿತು. ನಾವು ತಿಂಗಳುಗಟ್ಟಲೆ ಹೆಣಗಿದ್ದನ್ನು ಅದು ನಮಗೆ ಸಂಬಂಧವೇ ಇಲ್ಲದಂತೆ ಮಾಡಿ ಮುಗಿಸಿತು. ಇದು ಯಾಕೆ ಮೊದಲೇ ಏಳಲಿಲ್ಲ ಎಂದು ಅಳಿಯನ ಕಡೆ ತಿರುಗಿದೆ. ಅವನು ಬಾಯಿ ತೆರೆಯುವ ಮೊದಲೇ, “ಆ ಶಬ್ದ ಹೇಳಬ್ಯಾಡ್ರಿ,” ಎಂದೆ.

ಬೀಗತಿಯವರು ಕಸ್ತೂರಿಯ ಕಿವಿಯಲ್ಲಿ ಏನೋ ಹೇಳಿ ಇಬ್ಬರೂ ನಕ್ಕರು. ಊಟಕ್ಕೆ ಶೇಂಗಾ ಹೋಳಿಗೆ ಬಡಿಸಿದರು. ಸಿದ್ರಾಮಪ್ಪನವರು ಒಂದು ತುತ್ತು ಬಾಯಿಗಿಟ್ಟುಕೊಂಡು, ಬೆಲ್ಲ ನಮ್ಮ ಅಂಗಡಿಯದಲ್ಲ ಎಂದರು, ಯಾರ ಕಡೆಯಿಂದ ತಂದಿರಿ ಎಂದು ಕೇಳಿದರು, ಇದರಲ್ಲಿ ಏನು ತಪ್ಪಾಗಿದೆ ಎಂದು ಕೈ ತೊಳೆಯುವವರೆಗೂ ವಿವರಿಸಿದರು. ಅವತ್ತು ಬಾಯಿ ಬಿಟ್ಟವರು ಇವತ್ತಿನವರೆಗೆ ಮುಚ್ಚಿಲ್ಲ. ಈಗ ಭಾನುವಾರವಷ್ಟೇ ಅಲ್ಲ, ದಿನಾ ಸಂಜೆ ಫೋನು ಬರುತ್ತದೆ. ಹೊಸ ಆಟದಲ್ಲಿ ನಾನು ಹಡಗು ಕಟ್ಟುವುದು ನಿಧಾನ, ನನ್ನ ಊರುಗಳ ಹೆಸರು ಸರಿಯಿಲ್ಲ, ನನ್ನ ಕೆಮ್ಮಿಗೆ ನಾನು ತೆಗೆದುಕೊಳ್ಳುವ ಔಷಧ ಸರಿಯಿಲ್ಲ, ಮಗಳಿಗೆ ರೊಟ್ಟಿ ತೆಳ್ಳಗೆ ಬಡಿಯಲು ನಾವು ಕಲಿಸಿಲ್ಲ. “ಏನೋ, ಎಲ್ಲಿ ಅದೀ?” ಎಂದೇ ಶುರು. ಡ್ಯೂಟಿಯಲ್ಲಿದ್ದೇನೆ ಎಂದರೆ, ಮೋಟಾರಿನ ಸದ್ದು ಕೇಳಿ ಅದೂ ಸರಿಯಿಲ್ಲ ಎನ್ನುತ್ತಾರೆ. ಕಾಲು ತುಳಿದು ಸುಮ್ಮನಿರುತ್ತಿದ್ದ ಬೀಗರಿಂದ ಎಂಥ ಸುಖವಿತ್ತೆಂದು ಈಗ ನನಗೆ ಅರ್ಥವಾಗುತ್ತಿದೆ. ಇದನ್ನೆಲ್ಲ ಕಸ್ತೂರಿಗೆ ಹೇಳಿ ಹೇಳಿ ಅವಳಿಗೂ ಸಾಕಾಗಿದೆ.

ನಿನ್ನೆ ಸಂಜೆ ಫೋನು ಬರಲಿಲ್ಲ. ಒಳ್ಳೆಯದಾಯಿತು, ಒಂದು ದಿನವಾದರೂ ಶಾಂತಿ ಎಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಚಾರ್ಜು ಇದೆಯೋ ಇಲ್ಲವೋ ಎಂದು ಫೋನು ತೆಗೆದು ನೋಡಿದೆ. ಇತ್ತು. ಒಳಗೆ ಸಿಗ್ನಲ್ ಸರಿಯಾಗಿ ಬರುವುದಿಲ್ಲವೇನೋ ಎಂದು ಮಾಳಿಗೆ ಹತ್ತಿದೆ. ಅಂಗಳದಲ್ಲಿ ಕೂತವನಿಗೆ ಒಳಗಿನ ಸಿಗ್ನಲಿನ ಚಿಂತೆ ಯಾಕೆ ಎಂದು ಕಸ್ತೂರಿ ಕೆಳಗಿನಿಂದ ಕೇಳಿದಳು. ಕೊನೆಗೆ ತಡೆಯಲಾರದೆ ನಾನೇ ಹಚ್ಚಿದೆ.

“ಯಾಕೋ, ಏನಾಗೈತಿ ನಿನಗ? ಆರಾಮ್ ಅದೀ ಇಲ್ಲೊ?” ಎಂದೆ.

“ಏನಿಲ್ಲೋ, ಅಂಗಡಿಗೆ ಮಂದಿ ಬಂದಿದ್ರು, ಆಮ್ಯಾಲ ಮಾಡ್ತೀನಿ ಇಡು,” ಎಂದ ನನ್ನ ಬೀಗ, ಟಕ್ಕನೆ ಫೋನಿಟ್ಟ. ನಾನು ಫೋನು ಕೈಯಲ್ಲಿ ಹಿಡಿದು ಮಾಳಿಗೆಯ ಮೇಲೇ ಕೂತೆ. ಕಸ್ತೂರಿ ಊಟಕ್ಕೆ ಕರೆದಾಗ, ಇನ್ನೂ ಹಸಿವಾಗಿಲ್ಲ ಎಂದೆ.